ಭೋಜದಿಂದ ಕಾಗವಾಡಕ್ಕೆ, ಮೂರು ಸಲ ನಿಂತ ಜೀಪಿನಲ್ಲಿ

ದೀಪಾವಳಿ ರಜೆಯ ಒಂದು ಬೆಳಗ್ಗೆ ನಾವು ಮೂವರು ಭೋಜದಿಂದ ಕಾಗವಾಡಕ್ಕೆ ಜೀಪಿನಲ್ಲಿ ಹೊರಟೆವು. ಸ್ಟೇರಿಂಗಿಗೆ ಅಣ್ಣ, ಅವನ ಪಕ್ಕ ಅವನ ಹೆಂಡತಿ, ನನ್ನ ವೈನಿ, ಹಿಂದೆ ಬುತ್ತಿಗಂಟಿನ ಜೊತೆ ನಾನು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ನಿಪ್ಪಾಣಿಯ ಒಂದು ಶಾಲೆಯಲ್ಲಿ ಮಾಸ್ತರ. ರಜೆ ಬಂದರೆ ಅಣ್ಣನ ಮನೆಯಲ್ಲಿ ಉಂಡು ಮಲಗುವುದೇ ನನ್ನ ಉದ್ಯೋಗ.

ಜೀಪು ಮಿಲಿಟರಿಯ ಹರಾಜಿನಲ್ಲಿ ಕೊಂಡದ್ದು. ಮಳೆಗಾಲದಲ್ಲಿ ಕಬ್ಬಿನ ಚಕ್ಕಡಿ ಎರಿ ಮಣ್ಣಿನಲ್ಲಿ ಹೂತುಕೊಂಡರೆ ಇಡೀ ಊರು ಅಣ್ಣನನ್ನು ಕರೆಯುತ್ತಿತ್ತು. ಅವನು ನಾಲ್ಕೂ ಗಾಲಿ ತಿರುಗುವ ಗೇರು ಹಾಕಿ ಚಕ್ಕಡಿಯನ್ನು ಎಳೆದು ದಾರಿಗೆ ತಂದು, ಮೀಸೆ ಸವರಿಕೊಂಡು ಮನೆಗೆ ಬರುತ್ತಿದ್ದ. ಅಂಥ ಜೀಪು ಈ ಸಲದ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ನಂತರ ದಾರಿದಾರಿಯಲ್ಲಿ ನಿಲ್ಲತೊಡಗಿತ್ತು. ತವರಿನಲ್ಲಿ ಕೂಸಿನ ಕೂದಲು ತೆಗೆಸುವ ಜವಳಕ್ಕೆ ಹೋಗುವಾಗ ವೈನಿ ರೇಷ್ಮೆ ಸೀರೆ ಉಟ್ಟು ಅದನ್ನು ದೂಡಬೇಕಾಯಿತು. ಹೆಂಗಸರು ಅಂಥದ್ದನ್ನು ಮರೆಯುವುದಿಲ್ಲ. ಕಾಗವಾಡದ ಅಪ್ಪಾಸಾಹೇಬರು ದ್ರಾಕ್ಷಿ ತೋಟದವರು, ಜೀಪು ಕೊಳ್ಳುತ್ತೇವೆಂದು ಎರಡು ಸಲ ಹೇಳಿ ಕಳಿಸಿದ್ದರು.

"ಕಾಗವಾಡಕ ಹೋಗೂನು ನಡೀರಿ," ಅಂದಳು ವೈನಿ. "ಒಂದ ಸಲ ನಿಂತ್ರ ಮಾಫ್. ಎರಡನೇದೂ ಮಾಫ್. ಮೂರನೇ ಸಲ ನಿಂತಿತಂದ್ರ ಗಾಡಿ ಕಿಲ್ಲಿ ಅಪ್ಪಾಸಾಹೇಬರ ಕೈಯಾಗ. ಏನ್ ಮಾಸ್ತರ, ಎಣಿಸಾಕ ಬರತೈತಲ್ಲ? ನೀವ ಪಂಚರು."

ಅಣ್ಣ ಒಪ್ಪಿದ. ಹಿಂದಿನ ದಿನವಷ್ಟೇ ಹೊಸ ಪ್ಲಗ್ಗು ಹಾಕಿಸಿದ್ದ. ಅದೂ ಅಲ್ಲದೆ ವೈನಿ ಖಂಡೇಪೂಜೆಯ ದಿನ ಕೊಕಟನೂರ ಎಲ್ಲಮ್ಮನ ಭಂಡಾರದ ಅರಿಶಿನವನ್ನು ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಬಂಪರಿನಿಂದ ಹಿಡಿದು ಪೆಟ್ರೋಲ್ ಟಾಕಿಯ ಮುಚ್ಚಳದವರೆಗೆ ಮೆತ್ತಿದ್ದಳು. ಆ ಹಳದಿ ಇನ್ನೂ ಹೋಗಿರಲಿಲ್ಲ. ದೇವಿಯ ಕೃಪೆ ಮತ್ತು ಹೊಸ ಪ್ಲಗ್ಗು ಎರಡೂ ಇರುವಾಗ ಭಯವೇಕೆ ಎಂಬುದು ಅಣ್ಣನ ಧೈರ್ಯ. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇಬ್ಬರಿಗೂ ತಲೆಯಾಡಿಸಿದೆ.

ಚಿಕ್ಕೋಡಿ ಇನ್ನೂ ಆರೇಳು ಕಿಲೋಮೀಟರಿದೆ ಎನ್ನುವಾಗ ಜೀಪು ಎರಡು ಸಲ ಕೆಮ್ಮಿ ನಿಂತಿತು. ಪಕ್ಕದಲ್ಲೇ ಬೆಲ್ಲದ ಗಾಣ. ಅಲ್ಲಿಂದ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಕೈ ಒರೆಸಿಕೊಳ್ಳುತ್ತ ಬಂದ. "ಪೆಟ್ರೋಲ್ ಖಾಲಿ ಆಗಿರಬೇಕ್ರಿ" ಎಂದು ಟಾಕಿಯ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು ನೋಡಿದ. ಅರ್ಧಕ್ಕಿಂತ ಹೆಚ್ಚಿತ್ತು. "ಹಂಗಾರ ಪ್ಲಗ್ ಹೊಲಸಾಗ್ಯಾವ" ಎಂದು ಹೊಸ ಪ್ಲಗ್ಗುಗಳನ್ನೇ ಬಿಚ್ಚಿ ಒರೆಸಿದ. ಜೀಪು ಒಂದೇ ಏಟಿಗೆ ಶುರುವಾಯಿತು. ಅವನು ಗೆದ್ದವನ ಹಾಗೆ ನಕ್ಕು ನಮಗೆಲ್ಲ ಬಿಸಿ ಬೆಲ್ಲ ಕೊಟ್ಟ. ಬೆಲ್ಲ ನಾಲಿಗೆ ಸುಡುವಷ್ಟು ಬಿಸಿಯಿತ್ತು, ಆದರೂ ನಾನು ಎರಡನೇ ಸಲ ಕೇಳಿದೆ.

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು ಎಂಟಾಣೆಯ ಚಹಾ ಕುಡಿದು, ಮೆಣಸಿನಕಾಯಿ ಭಜಿ ತಿಂದು ರಾಯಬಾಗದ ದಾರಿ ಹಿಡಿದೆವು. ಅಲ್ಲಿ ವೈನಿಯ ತಂಗಿಯ ಮನೆಗೆ ಫರಾಳದ ಡಬ್ಬಿ ಮುಟ್ಟಿಸಬೇಕಿತ್ತು, ಕರಚಿಕಾಯಿ, ಚಕ್ಕಲಿ, ಲಾಡು. ಬಿಸಿಲು ಏರಿತ್ತು. ಒಂದು ದಿಬ್ಬ ಹತ್ತುವಾಗ ಜೀಪು ಮತ್ತೆ ನಿಂತಿತು. ನಮ್ಮ ಹಿಂದೆ ಬರುತ್ತಿದ್ದ ಬಸ್ಸೂ ನಿಂತಿತು.

ಬಸ್ಸಿನ ಮಂದಿಯೆಲ್ಲ ಇಳಿದು ಬಂದು ಜೀಪಿಗೆ ಔಷಧ ಹೇಳತೊಡಗಿದರು. ಪೆಟ್ರೋಲಿನಲ್ಲಿ ನೀರು ಕಲೆತಿದೆ ಎಂದು ಒಬ್ಬ ಮುಚ್ಚಳ ತೆಗೆದು ಮೂಸಿದ. ಪಂಪು ಕಾದಿದೆ ಎಂದು ಡ್ರೈವರ್ ಹಸಿ ಬಟ್ಟೆ ಸುತ್ತಿಸಿದ. ಒಬ್ಬ ಅಜ್ಜಿ, "ದೃಷ್ಟಿ ಆಗೇತಿ, ನಿಂಬಿಹಣ್ಣ ಇಳಸ್ರಿ" ಅಂದಳು. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಅನ್ನುತ್ತಾರೆ, ಇಲ್ಲಿ ಮಾತ್ರ ಜೀಪು ಬದುಕಿತು. ಎಲ್ಲರೂ ಅದು ತನ್ನಿಂದಲೇ ಎಂದುಕೊಂಡು ಬಸ್ ಹತ್ತಿದರು. ನಿಂಬೆಹಣ್ಣು ಸಿಗದಿದ್ದರೂ ಅಜ್ಜಿ ಕೂಡ ಹಾಗೇ ಅಂದುಕೊಂಡಿರಬೇಕು.

"ಎರಡ," ಅಂದಳು ವೈನಿ.

ರಾಯಬಾಗದಲ್ಲಿ ಡಬ್ಬಿ ಕೊಟ್ಟು ಹೊರಟೆವು. ಅಣ್ಣ ಎಂಜಿನ್ನಿನ ಸದ್ದಿಗೇ ಕಿವಿ ಕೊಟ್ಟು ಕೂತಿದ್ದ. ದಿಗ್ಗೇವಾಡಿ ದಾಟಿ ಕೃಷ್ಣೆಯ ದಂಡೆಯ ಮರಗಳು ಕಾಣುವಷ್ಟರಲ್ಲಿ ಜೀಪು ಮೂರನೇ ಸಲ ಕೆಮ್ಮಿ ನಿಂತಿತು. ಈ ಸಲ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಅಣ್ಣ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ಅವನ ಮುಖ ನೋಡಿ, ಪಂಚನಾಗಿದ್ದ ನಾನು ಎಣಿಸುವ ಗೋಜಿಗೆ ಹೋಗಲಿಲ್ಲ.

"ಮೊದಲ ಊಟ ಮಾಡ್ರಿ. ಆಮ್ಯಾಲ ಅಳ್ರಂತ," ಎಂದು ವೈನಿ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ತಂಗಿ ಕೊಟ್ಟ ಮೊಸರು. ಅಣ್ಣ ಒಂದೇ ರೊಟ್ಟಿಗೆ ಎದ್ದು, ಬೇರೇನೂ ತೋಚದೆ ಟಾಕಿಯ ಮುಚ್ಚಳ ತಿರುಗಿಸಿದ. ಹುಸ್ ಎಂದು ಗಾಳಿ ಎಳೆದ ಸದ್ದು ಕೇಳಿತು.

ವೈನಿಯ ತುತ್ತು ಕೈಯಲ್ಲೇ ನಿಂತಿತು. "ಬ್ಯಾರೇ ಏನೂ ಮಾಡಬ್ಯಾಡ್ರಿ. ಹಂಗ ಚಾಲೂ ಮಾಡ್ರಿ."

ಅಣ್ಣ ಕಿಲ್ಲಿ ತಿರುಗಿಸಿದ. ಜೀಪು ಶುರುವಾಯಿತು.

"ಮೂರೂ ಸಲ ಮುಚ್ಚಳಾ ತಗದ ಮ್ಯಾಲನ ಚಾಲೂ ಆಗೇತಿ," ಅಂದಳು ವೈನಿ. "ಎಣ್ಣಿ ಡಬ್ಬಿಗೆ ಒಂದ ತೂತ ಹೊಡದ್ರ ಎಣ್ಣಿ ಬೀಳತೈತೇನ್ರಿ? ಒಂದೀಟ ಬಿದ್ದ ನಿಂದರತೈತಿ. ಗಾಳಿ ಹೋಗಾಕ ಇನ್ನೊಂದ ಬೇಕು. ಟಾಕೀಗೆ ಆ ತೂತ ಎಲ್ಲೈತಿ?"

ನಾನು ಮುಚ್ಚಳ ತಿರುಗಿಸಿ ನೋಡಿದೆ. ನಡುವೆ ಸಾಸಿವೆಯಷ್ಟು ದೊಡ್ಡ ತೂತೊಂದು ಇದ್ದ ಗುರುತಿತ್ತು. ವೈನಿ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಅದಕ್ಕೆ ಚುಚ್ಚಿದಳು. ಒಣಗಿ ಕಲ್ಲಾದ ಹಳದಿ ಕಾಳೊಂದು ನನ್ನ ಅಂಗೈಗೆ ಬಿತ್ತು.

ನನ್ನ ನಾಲಿಗೆಯ ತುದಿಯಲ್ಲಿ ಒಳ್ಳೆಯ ಮಾತೊಂದು ಬಂದಿತ್ತು, ಅಣ್ಣ ಕಣ್ಣಿನಲ್ಲೇ ಅದನ್ನು ಹಿಂದಕ್ಕೆ ಕಳಿಸಿದ. ವೈನಿಯ ಮುಖ ಸಣ್ಣದಾಯಿತು.

"ಒಳ್ಳೇದಾಗ್ಲಿ ಅಂತ ಹಚ್ಚಿದ್ನಿ," ಅಂದಳು.

"ಒಳ್ಳೇದ ಆಗೇತಿ ಬಿಡ," ಅಂದ ಅಣ್ಣ. ಆದರೆ ಹೊಳೆ ದಾಟಿ ಕಾಗವಾಡ ಮುಟ್ಟುವವರೆಗೂ ಗಾಡಿ ಹೂವಿನ ಹಾಗೆ ಓಡಿದ್ದು ನೋಡಿ, ಇನ್ನು ಮಾರುವುದು ಏಕೆ ಎಂದು ನಾನು ಕೇಳಿದಾಗ, "ಮಾತಂದ್ರ ಮಾತ" ಎಂದಷ್ಟೇ ಹೇಳಿದ.

ಅಪ್ಪಾಸಾಹೇಬರು ತೋಟದ ಬಾಗಿಲಲ್ಲೇ ಕಾದಿದ್ದರು. ಸುತ್ತ ದ್ರಾಕ್ಷಿ ಬಳ್ಳಿಗಳು ಹೊಸ ಚಿಗುರು ಬಿಟ್ಟಿದ್ದವು. ಅವರು ಜೀಪಿನ ಸುತ್ತ ಒಂದು ಸುತ್ತು ಬಂದು, "ಬರ್ರಿ, ಬರ್ರಿ. ದಾರ್ಯಾಗ ಎಲ್ಲೆರೆ ನಿಂತಿತೇನ್ರಿ?" ಎಂದು ಕೇಳಿದರು.

"ಮೂರ ಸಲ ನಿಂತಿತ್ರಿ," ಎಂದು ಅಣ್ಣ ಕಿಲ್ಲಿಗೆ ಜೇಬಿನಲ್ಲಿ ಕೈ ಹಾಕಿದ.

"ಮೂರೂ ಸಲ ನಿಲ್ಸಿದಾಕಿ ನಾನ್ರಿ," ಅಂದಳು ವೈನಿ. "ಗಾಡೀದು ಏನೂ ತಪ್ಪಿಲ್ಲ. ಸುಮ್ನ ನಿಮ್ಮನ್ನ ಮಾತಾಡಿಸ್ಕೊಂಡ ಹೋಗೂಣಂತ ಬಂದ್ವಿ. ಇದು ಮಾರೂದಲ್ರಿ."

ಅಪ್ಪಾಸಾಹೇಬರು ಜೋರಾಗಿ ನಕ್ಕರು. "ಹೆಣ್ಮಕ್ಕಳನ್ನ ಕೂಡಿಸ್ಕೊಂಡ ಹೊಂಟ್ರ ಹಂಗ ನೋಡ್ರಿ. ತಂಗಿ ಮನಿ, ಚಹಾದ ಅಂಗಡಿ, ಎಲ್ಲಾ ಕಡೆ ನಿಲ್ಲಸ್ರಿ ಅಂತಾರ." ವೈನಿ ತಲೆ ತಗ್ಗಿಸಿ ಹೌದ್ರಿ ಅಂದಳು. ಅಣ್ಣ ಜೇಬಿನಿಂದ ಬರಿಗೈ ತೆಗೆದ.

ಚಹಾ ಕುಡಿದು, ಒಂದು ಪುಟ್ಟಿ ಪೇರಲ ಕಟ್ಟಿಸಿಕೊಂಡು, ಬಿಸಿಲು ಇಳಿದ ಮೇಲೆ ತಿರುಗಿ ಹೊರಟೆವು. ಕೃಷ್ಣೆಯ ಸೇತುವೆಯ ನಟ್ಟನಡುವೆ ಜೀಪು ನಿಂತಿತು. ವೈನಿ ಗಾಬರಿಯಾಗಿ ಬಳೆಯ ಪಿನ್ನಿಗೆ ಕೈ ಹಾಕಿದಳು.

"ಯಾಕ್ರೀ, ಮತ್ತ ನಿಂತಿತೇನು?"

"ಇಲ್ಲ," ಅಂದ ಅಣ್ಣ. "ಈ ಸಲ ನಾನ ನಿಲ್ಸಿದ್ನಿ. ಹೊಳಿ ನೋಡ, ಹೆಂಗ ಹೊಳ್ಯಾಕತ್ತೈತಿ."