ಕರೆವ್ವನಿಗೆ ಉಡಿ ತುಂಬಿದ ಮೇಲೆ

ನಾನು ಮುದಕಪ್ಪ, ಜೀಪು ಓಡಿಸುವವನು. ನನಗೇಕೆ ಊರ ಉಸಾಬರಿ? ಆದರೂ ಪ್ರತಿಮಕ್ಕನ ಸುದ್ದಿ ಹೇಳದೆ ಇರಲಾರೆ. ಬನಹಟ್ಟಿಯ ನೇಕಾರರ ಮನೆಯ ಮಗಳು. ಸಕ್ಕರೆ ಕೊಳ್ಳುವ ಕಂಪನಿಯೊಂದರ ಪರವಾಗಿ ಕಬ್ಬಿನ ಹೊಲಗಳಿಗೆ ಹೋಗಿ, ಕಡಿಯುವವರಿಗೆ ನೀರು, ನೆರಳು, ವಿಶ್ರಾಂತಿ ಸಿಗುತ್ತಿದೆಯೇ ಎಂದು ವಿಚಾರಿಸುವುದು ಅವರ ಕೆಲಸ; ಜೀಪಿನಲ್ಲಿ ಕರೆದೊಯ್ಯುವುದು ನನ್ನದು. ಯಾರು ಏನು ಹೇಳಿದರೆಂದು ಹೊರಗೆ ಬೀಳಬಾರದು. ಅದು ಆ ಕೆಲಸದ ಮೊದಲ ನೇಮ.

ಹೋದ ಸುಗ್ಗಿಯಲ್ಲಿ ಮಹಾಲಿಂಗಪುರದ ಕಡೆ ಕರೆವ್ವ ಸಿಕ್ಕಳು. ಇಂಡಿ ಕಡೆಯಿಂದ ಗಂಡನ ಜೋಡಿ ಕಬ್ಬು ಕಡಿಯಲು ಬಂದವಳು, ತುಂಬಿದ ಬಸುರಿ. ಅಕ್ಕ ಒಬ್ಬೊಬ್ಬರನ್ನೇ ದೂರ ಕೂರಿಸಿ ಕೇಳುವಾಗ, ನಡು ನೋವೆಂದು ಕುಳಿತರೆ ಕೂಲಿಗಳನ್ನು ಕರೆತಂದು ದುಡಿಸುವ ಗ್ಯಾಂಗಿನ ಮುಕಾದಮ ಶಿದ್ರಾಮಪ್ಪ ಒದ್ದು ಎಬ್ಬಿಸುತ್ತಾನೆಂದು ಹೇಳಿಬಿಟ್ಟಳು.

ಬಸುರಿಯನ್ನು ಬರಿಯ ಉಡಿಯಲ್ಲಿ ಬಿಟ್ಟು ಬರುವುದು ನಮ್ಮ ಕಡೆ ಪದ್ಧತಿಯಲ್ಲ. ಅಕ್ಕ ತಮ್ಮ ತಂಗಿಗೆಂದು ಇಟ್ಟಿದ್ದ ಮನೆಯ ಮಗ್ಗದ ಹಸಿರು ಸೀರೆ ಜೀಪಿನಲ್ಲಿತ್ತು. ಬದುವಿನ ಮೇಲೆಯೇ ಕರೆವ್ವನ ಸೆರಗು ಹಿಡಿಸಿ, ಸೀರೆ, ಬಾಳೆಹಣ್ಣು, ಬೆಲ್ಲ ಇಟ್ಟು ಉಡಿ ತುಂಬಿದರು. ಕರೆವ್ವ ಅತ್ತಳು. ಸುಳ್ಳೇಕೆ ಹೇಳಲಿ, ನನಗೂ ಕಣ್ಣು ತುಂಬಿ ಬಂತು. ಅಷ್ಟು ಹೆಂಗಸರಲ್ಲಿ ಒಬ್ಬಳಿಗೇ ಉಡಿ ತುಂಬಿದರೆ, ಬಾಯಿ ಬಿಟ್ಟವಳು ಯಾರೆಂದು ಶಿದ್ರಾಮಪ್ಪನಿಗೆ ಬೇರೆ ಹೇಳಬೇಕೇ? ನಮ್ಮಿಬ್ಬರಿಗೂ ಅದು ಹೊಳೆಯಲೇ ಇಲ್ಲ.

ಮರುದಿನ ಹೋದರೆ ಗುಡಿಸಲುಗಳೇ ಇರಲಿಲ್ಲ. ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಗ್ಯಾಂಗು ಎತ್ತ ಹೋಯಿತೆಂದು ಹೊಲದವರೂ ಹೇಳಲಿಲ್ಲ. ಅಂದಿನಿಂದ ಅಕ್ಕನಿಗೆ ಅನ್ನ ಸೇರದು. ಜಮಖಂಡಿ, ಬೀಳಗಿ, ಮುಧೋಳ, ಎಲ್ಲಿ ಹೋದರೂ ಹಸಿರು ಸೀರೆ ಕಂಡರೆ ಸಾಕು, ಜೀಪು ನಿಲ್ಲಿಸೆನ್ನುವರು.

"ಆಕಿ ಹಡದಾಳೋ ಇಲ್ಲೋ, ಕೂಸು ಹೆಂಗೈತಿ, ಅದೊಂದು ತಿಳದ್ರ ಸಾಕು ಮುದಕಪ್ಪಾ."

ಹುಚ್ಚು ಹಿಡಿದೀತು ಎಂದು ನಾನು ಬೈಯುತ್ತಿದ್ದೆ, ಬೈಯುತ್ತಲೇ ನಿಲ್ಲಿಸುತ್ತಿದ್ದೆ.

ಸುಗ್ಗಿ ಮುಗಿಯುವ ಹೊತ್ತಿಗೆ ಲೋಕಾಪುರದಾಚೆ ಆ ಗ್ಯಾಂಗು ಸಿಕ್ಕಿತು. ಕರೆವ್ವ ಕಬ್ಬಿನ ಹೊರೆ ಹೊತ್ತು ಬರುತ್ತಿದ್ದಳು. ಹೊಟ್ಟೆ ಇಳಿದಿತ್ತು. ಸುತ್ತ ಎಲ್ಲೂ ಕೂಸು ಮಲಗಿಸುವ ಜೋಳಿಗೆಯಿಲ್ಲ, ಅಳುವ ಸದ್ದಿಲ್ಲ. ಶಿದ್ರಾಮಪ್ಪ ಅವಳ ಪಕ್ಕಕ್ಕೇ ಬಂದು ನಿಂತು ನಕ್ಕ.

"ಏನ್ರೀ ಅಕ್ಕಾರ, ಈಕಿ ಗುರ್ತ ಐತೇನ್ರಿ ನಿಮಗ?"

ಕರೆವ್ವ ನೆಲ ನೋಡುತ್ತಿದ್ದಳು.

"ಇಲ್ಲ. ಈಕೀನ್ನ ನಾ ಎಂದೂ ನೋಡಿಲ್ಲ," ಎಂದರು ಅಕ್ಕ.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಶಿದ್ರಾಮಪ್ಪ ಕದಲಲಿಲ್ಲ, ದೂರ ಕಳಿಸಿದರೆ ಕರೆವ್ವ ಮತ್ತೆ ಬಾಯಿ ಬಿಟ್ಟಳೆಂದು ತಿಳಿದು ಅವಳ ಗತಿ ಏನು ಮಾಡುತ್ತಾನೋ ಎಂದು ಅಕ್ಕ ಅವನನ್ನು ಕಳಿಸಲೂ ಇಲ್ಲ. ಕರೆವ್ವನ ಸರದಿ ಬಂತು. ಕೂಸೆಲ್ಲಿ ಎಂದು ಕೇಳಿದರೆ ಗುರುತಿದೆಯೆಂದು ಬಯಲಾಗುತ್ತಿತ್ತು. ಎಲ್ಲರಿಗೆ ಕೇಳಿದಂತೆ, ನೀರು ಸಿಗುತ್ತದೆಯೇ, ನೆರಳಿದೆಯೇ ಎಂದು ಕೇಳಿದರು.

"ಎಲ್ಲಾ ಛಲೋ ಐತ್ರಿ," ಎಂದಳು ಕರೆವ್ವ. ಅವಳ ಕುಪ್ಪಸ ಹಾಲು ಜಿನುಗಿ ತೊಯ್ದಿತ್ತು. ಅಕ್ಕ ಅಷ್ಟನ್ನೇ ಬರೆದುಕೊಂಡು ಮುಂದಿನವಳನ್ನು ಕರೆದರು.