ಟ್ಯೂಬಿನ ಮೇಲೊಬ್ಬರು, ದಂಡೆಯ ಮೇಲೊಬ್ಬರು

ಬಸವಕಲ್ಯಾಣಕ್ಕೆ ಹೊರಟಿದ್ದ ನನ್ನ ಹಳೆಯ ಸ್ಕೂಟಿಯ ಹಿಂದಿನ ಗಾಲಿ ಹುಮನಾಬಾದ್ ದಾಟುವ ಮೊದಲೇ ನೆಲಕಚ್ಚಿತು. ಅಲ್ಲೇ ರಸ್ತೆಯಂಚಿಗೆ ಪಂಕ್ಚರ್ ಅಂಗಡಿ ಸಿಕ್ಕಿದ್ದು ನನ್ನ ಪುಣ್ಯ. ಅಂಗಡಿಯವನು ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಅದುಮಿದ. ಬಿಸಿಲಿಗೆ ಕಾದ ರಬ್ಬರು ನೀರಿಗೆ ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ನನಗೆ ಮಾವನವರ ನೆನಪಾಯಿತು. ಉಳಿದವರಿಗೆ ಹಿರಿಯರ ನೆನಪು ಊದಿನಕಡ್ಡಿಯ ವಾಸನೆಗೋ ವಿಭೂತಿಯ ವಾಸನೆಗೋ ಬರುತ್ತದಂತೆ. ನನಗೆ ಟ್ರ್ಯಾಕ್ಟರಿನ ಟ್ಯೂಬು. ಏನು ಮಾಡುವುದು, ಅವರವರ ಹಣೆಬರಹ.

ಹೊರಟದ್ದು ಗೆಳತಿ ಶಾಂತಾಳನ್ನು ನೋಡಲು. ಈ ಚಳಿಗಾಲದಲ್ಲಿ ಅವಳ ಗಂಡ ತೀರಿಕೊಂಡ. ಅಂದಿನಿಂದ ಅವಳು ಹೊಸ್ತಿಲು ದಾಟಿಲ್ಲ. "ನೀ ಬಂದು ಒಂದೀಟು ತಿಳಿಸಿ ಹೇಳವ್ವ, ನಮ್ಮ ಮಾತು ಕೇಳಾಕತ್ತಿಲ್ಲ" ಎಂದು ಅವಳ ತಾಯಿ ಫೋನು ಮಾಡಿ ಅತ್ತಿದ್ದರು. ತಿಳಿಸಿ ಹೇಳುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ಹೆಸರಾಗಿದೆ. ಹೇಗೆ ಹೆಸರಾಯಿತೋ ನನಗೆ ತಿಳಿಯದು. ಬೆಳಗಿನಿಂದ ಸಮಾಧಾನದ ಮಾತುಗಳನ್ನು ಪರೀಕ್ಷೆಗೆ ಹೊರಟ ಹುಡುಗಿಯಂತೆ ಉರುಹೊಡೆದಿದ್ದೆ.

ಟ್ಯೂಬಿಗೆ ಬರೋಣ. ನಮ್ಮ ಅತ್ತೆಮನೆ ಮುಡಬಿಯ ಹತ್ತಿರದ ಒಂದು ಸಣ್ಣ ಊರು. ಊರ ಹಿಂದೆ ಕೆರೆ. ನಾನು ಮದುವೆಯಾಗಿ ಬಂದ ಮರುವರ್ಷ ಅತ್ತೆ ತೀರಿಕೊಂಡರು. ಆಮೇಲೆ ಮಾವ ಮಾತು ಬಿಟ್ಟರು. ಊಟಕ್ಕೆ ಕರೆದರೆ ಬಂದು ಕೂಡುವರು, ರೊಟ್ಟಿ ಮುರಿಯುವರು, ಮುರಿದದ್ದನ್ನು ಮತ್ತೆ ಮುರಿಯುವರು. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಯಿತು ನೋಡಿ, ಒಂದು ದಿನ ಬೆಳಗ್ಗೆ ಎದ್ದವರೇ ಅಟ್ಟದಿಂದ ಟ್ರ್ಯಾಕ್ಟರಿನ ದೊಡ್ಡ ಟ್ಯೂಬನ್ನು ಇಳಿಸಿದರು. ಅದರ ಹೊಟ್ಟೆಗೆ ಹಳೆಯ ಹೊರಸಿನ ನವಾರು ಪಟ್ಟಿ ಹೆಣೆದಿತ್ತು. ಗಾಳಿ ಹಾಕಿಸಿ, ಹೆಗಲಿಗೇರಿಸಿ, "ಮೀನಿಗಿ ಹೊಂಟೀನಿ" ಎಂದರು.

ಇದು ಅವರ ಹರೆಯದ ಹುಚ್ಚಂತೆ. ನವಾರಿನ ಮೇಲೆ ಕುಳಿತು, ಕಾಲು ನೀರಿಗೆ ಇಳಿಬಿಟ್ಟು, ನಡುಕೆರೆಗೆ ಹೋಗಿ ಗಾಳ ಹಾಕುವುದು. ಸಿಗುವುದು ಮಾಗೂರ, ಅಂದರೆ ಮೀಸೆ ಇರುವ ಆ ಕರಿ ಮೀನು. ಚಳಿಯಲ್ಲಿ ಕೆಸರು ಹೊದ್ದು ಮಲಗಿದ್ದು ಬಿಸಿಲು ಕಾಯುತ್ತಲೇ ಹಸಿದು ಏಳುತ್ತದೆ. ಅತ್ತೆ ಅದಕ್ಕೆ ಒಲೆಯ ಬೂದಿ ತಿಕ್ಕಿ, ಲೋಳೆ ತೆಗೆದು, ಹುಣಸೆ ಹಿಂಡಿ ಸಾರು ಮಾಡುತ್ತಿದ್ದರಂತೆ. ಕೇರಿಯವರೆಲ್ಲ ಬಟ್ಟಲು ಹಿಡಿದು ಬರುತ್ತಿದ್ದರಂತೆ. ನಾನೋ ಮೀನಿನ ಮೀಸೆ ಕಂಡರೆ ಪೋಲೀಸರನ್ನು ಕಂಡಂತೆ ಓಡುವವಳು.

ನನ್ನ ಗಂಡ ಆಗ ಹುಮನಾಬಾದಿನಲ್ಲಿ ಬಿಡಿಭಾಗಗಳ ಅಂಗಡಿಯಲ್ಲಿದ್ದ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಪ್ಪ ಟ್ಯೂಬು ಇಳಿಸಿದ ಸುದ್ದಿ ಕೇಳಿ ಅವನ ಮುಖ ಕಪ್ಪಿಟ್ಟಿತು.

"ಅಪ್ಪಗ ಈಸು ಬರಂಗಿಲ್ಲ" ಅಂದ. "ಅವ್ವ ಹೋದಾಗಿಂದ ಅವನ ಮನಸ್ಸು ಸರಿ ಇಲ್ಲ. ಒಬ್ಬನ್ನೇ ನೀರಿಗಿ ಕಳಸಬ್ಯಾಡ. ನೀ ಜೋಡಿ ಹೋಗು. ಕಾಯಾಕತ್ತೀದಿ ಅಂತ ಅವಗ ಗೊತ್ತಾಗಬಾರದು ಮತ್ತ."

ಅವನು ಹೇಳದೆ ಬಿಟ್ಟದ್ದು ನನಗೆ ಅರ್ಥವಾಯಿತು. ಹೋದ ಮನುಷ್ಯ ತಿರುಗಿ ಬರದಿದ್ದರೆ?

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅದೇ ಚಳಿಗಾಲದಲ್ಲಿ ನಾನೂ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದಿದ್ದೆ. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಆದರೆ ನಾನು ಮನೆಗೆಲಸ ಮಾಡಿಕೊಂಡು, ಹೊತ್ತು ಹೊತ್ತಿಗೆ ಉಂಡು ಇದ್ದೆನಲ್ಲ, ನನಗೇನೂ ಆಗಿಲ್ಲ ಎಂದೇ ನನ್ನ ತಿಳಿವಳಿಕೆ. ಕಾಯಬೇಕಾದದ್ದು ಮಾವನವರನ್ನು.

ಗೊತ್ತಾಗದಂತೆ ಕಾಯುವುದು ಹೇಗೆ? ಕೆರೆಗೆ ಹೆಂಗಸರು ಹೋಗಲು ಇರುವ ಕಾರಣ ಒಂದೇ, ಬಟ್ಟೆ. "ನಾನೂ ಬರ್ತೀನ್ರಿ, ಅರಬಿ ಒಗಿಯೋದದ" ಎಂದು ಬುಟ್ಟಿ ಹೊತ್ತು ಹಿಂದೆ ಬಿದ್ದೆ. ಮಾವ ಬೇಡ ಅನ್ನಲಿಲ್ಲ. ಮನೆಯಲ್ಲಿ ಇದ್ದದ್ದು ಮೂವರು. ಅಷ್ಟು ಮಂದಿಗೆ ದಿನಾ ಅಷ್ಟು ಬಟ್ಟೆ ಎಲ್ಲಿಂದ ಬರಬೇಕು? ಒಗೆದದ್ದನ್ನೇ ಒಗೆದೆ. ಗಂಡನ ಅಂಗಿಯ ಗೆರೆಗಳು ಮಾಸಿ ಯಾವುದು ಗೆರೆ ಯಾವುದು ಅಂಗಿ ತಿಳಿಯದಂತಾಯಿತು. ಅವನು ತುಟಿಪಿಟಕ್ಕೆನ್ನದೆ ಹಾಕಿಕೊಂಡು ಹೋದ.

ವಿಚಿತ್ರವೆಂದರೆ ಮಾವನವರದೇ. ಒಮ್ಮೆ ತಲೆನೋವೆಂದು ನಾನು ಏಳಲಿಲ್ಲ. ಕೆರೆಗೆ ಹೋಗಬೇಕಾದವರು ಹೋಗದೆ ಬಾಗಿಲ ಹೊರಗೆ ನಿಂತು, "ಯವ್ವಾ, ಇವತ್ತ ಒಗಿಯಾಕ ಏನೂ ಇಲ್ಲೇನು?" ಎಂದು ಕೇಳಿದರು. "ಇಲ್ರಿ, ಎಲ್ಲಾ ಒಗದೀನಿ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದು ನೋಡುತ್ತೇನೆ, ಹಗ್ಗದ ಮೇಲೆ ಒಣಗಿದ ಬಿಳಿ ಚಾದರಕ್ಕೆ ಟ್ರ್ಯಾಕ್ಟರಿನ ಗ್ರೀಸು ಹತ್ತಿದ ಕೈ ಒರೆಸುತ್ತಿದ್ದಾರೆ! "ಇದು ಹೊಲಸಾಗ್ಯದ ನೋಡವ್ವ" ಎಂದು ಶಾಂತವಾಗಿ ನನ್ನ ಕೈಗೆ ಕೊಟ್ಟರು. ಮುದುಕರ ತಲೆ ಪೂರಾ ಕೆಟ್ಟಿತು ಎಂದು ಹೆದರಿ, ಆ ಚಾದರ ಹೊತ್ತು ಹಿಂದೆ ಹೋದೆ.

ಟ್ಯೂಬಿನ ಸವಾರಿಯನ್ನು ನೀವು ನೋಡಿದ್ದೀರೋ ಇಲ್ಲವೋ. ಕಾಲು ಬಡಿದರೆ ಅದು ಹಿಂದೆ ಹಿಂದೆ ಹೋಗುತ್ತದೆ. ಹೋಗುವ ಕಡೆಗೆ ಬೆನ್ನು, ಬಿಟ್ಟು ಬಂದ ಕಡೆಗೆ ಮುಖ. ಹಾಗಾಗಿ ಮಾವ ನಡುಕೆರೆಗೆ ಹೋಗುವಾಗೆಲ್ಲ ಉದ್ದಕ್ಕೂ ನನ್ನನ್ನೇ ನೋಡುತ್ತ ಹೋಗುತ್ತಿದ್ದರು. ರೆಪ್ಪೆ ಬಡಿಯದೆ ನೋಡುತ್ತಿದ್ದರು. ನನಗೆ ಅದು ಕಡೆಯ ಸಲ ಊರನ್ನೂ ಮನೆಯನ್ನೂ ನೋಡಿಕೊಳ್ಳುವ ನೋಟದಂತೆ ಕಾಣುತ್ತಿತ್ತು. ದಂಡೆಗೆ ತಿರುಗಿ ಬರಬೇಕೆಂದರೆ ಬೆನ್ನು ನನ್ನ ಕಡೆ ಮಾಡಬೇಕು. ಮನುಷ್ಯರ ಬೆನ್ನು ಕಂಡು ದೇವರಿಗೆ ಕೈಮುಗಿದವಳು ನಾನೊಬ್ಬಳೇ ಇರಬೇಕು.

ಮೀನು ಹಿಡಿಯುವುದರಲ್ಲೂ ಅವರಿಗೆ ಲಕ್ಷ್ಯವಿರಲಿಲ್ಲ. ನೂಲು ಕುಣಿದು ಕುಣಿದು ಸುಮ್ಮನಾದರೂ ಎಳೆಯುವರಲ್ಲ. ಯಾವಾಗಲೋ ಒಂದು ತಾನಾಗಿ ಸಿಕ್ಕಿಬಿದ್ದರೆ ಬಕೆಟ್ಟಿನಲ್ಲಿ ತಂದು ಮನೆಯ ನೀರಿನ ತೊಟ್ಟಿಗೆ ಬಿಡುವರು. ಕೊಯ್ಯಿರಿ ಎಂದು ಹೇಳುವವರಿಲ್ಲ, ಕೊಯ್ಯುವವರೂ ಇಲ್ಲ. ಮಾಗೂರ ಗಾಳಿ ಕುಡಿಯಲು ಮೇಲೆ ಬರುವ ಮೀನು. ತೊಟ್ಟಿಗೆ ತಂಬಿಗೆ ಅದ್ದಿದರೆ ಬುಳಕ್ಕೆಂದು ಮೀಸೆ ಮೇಲೆ ಬರುತ್ತಿತ್ತು, ನಾನು ತಂಬಿಗೆ ಬಿಟ್ಟು ಓಡುತ್ತಿದ್ದೆ.

ಹೀಗೆ ಮುತ್ತುಗ ಕೆಂಪಗೆ ಅರಳಿತು, ಹೋಳಿ ಹತ್ತಿರ ಬಂತು. ಆ ಬೆಳಗ್ಗೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಮಾವನವರ ಟ್ಯೂಬು ಸುಯ್ಯನೆ ಕೆರೆಯ ಬಾಲದ ಕಡೆಗೆ ಸರಿಯಿತು. ಅಲ್ಲಿ ನೀರಲ್ಲಿ ಮುಳುಗಿದ ಜಾಲಿಗಿಡಗಳಿವೆ, ಒಂದೊಂದು ಮುಳ್ಳೂ ದಬ್ಬಣದಷ್ಟಿದೆ. ಅವರು ಕಾಲು ಬಡಿಯಲೇ ಇಲ್ಲ. ಕೈ ಮಡಿಚಿ ಕೂತೇ ಇದ್ದರು. ನಾನು ದಂಡೆಗುಂಟ ಓಡಿದೆ. "ಮಾವಾ! ಕಾಲು ಬಡೀರಿ! ಬಡೀರಿ!" ಎಂದು ಕೂಗಿದೆ. ಗಾಳಿ ನನ್ನ ಮಾತನ್ನು ನನ್ನ ಬಾಯಿಗೇ ತುರುಕಿತು. ಟಪ್ ಎಂದು ಸದ್ದಾಯಿತು. ಟ್ಯೂಬು ಒಂದು ಕಡೆ ವಾಲಿತು. ನನಗೆ ಈಸು ಬರುವುದಿಲ್ಲ ಎನ್ನುವುದು ನೀರು ಎದೆಮಟ್ಟ ಬಂದ ಮೇಲೆ ನೆನಪಾಯಿತು.

ಮುಂದೆ ನಡೆದದ್ದನ್ನು ಈಗ ನೆನೆದರೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ನಾನು ನೀರಿಗಿಳಿದದ್ದು ಕಂಡದ್ದೇ ಮಾವ ಚಿಟ್ಟನೆ ಚೀರಿದರು. ಅಷ್ಟು ದಿನ ಕಲ್ಲಿನಂತೆ ಕೂತವರು ಟ್ಯೂಬು ತಿರುಗಿಸಿ ನೀರು ಅಲ್ಲೋಲಕಲ್ಲೋಲವಾಗುವಂತೆ ಕಾಲು ಬಡಿಯತೊಡಗಿದರು. ಆದರೆ ನನ್ನ ಕಡೆ ಬರಬೇಕೆಂದರೆ ನನಗೆ ಬೆನ್ನು ಹಾಕಬೇಕು. ನಾಲ್ಕು ಸಲ ಬಡಿಯುವುದು, ಕುತ್ತಿಗೆ ತಿರುವಿ ನಾನಿದ್ದೇನೋ ನೋಡುವುದು, "ಬ್ಯಾಡವ್ವಾ, ಬ್ಯಾಡ!" ಎಂದು ಕೂಗುವುದು, ಮತ್ತೆ ಬಡಿಯುವುದು. ಟ್ಯೂಬು ಪುಸ್ಸೆನ್ನುತ್ತ ಸೊರಗುತ್ತಿತ್ತು. ಕೊನೆಗೆ ಅವರ ಕೈ ನನ್ನ ಜಡೆಗೆ ಸಿಕ್ಕಿತು. ಜಡೆ ಹಿಡಿದೇ ಎಳೆದು ತಂದರು. ದಂಡೆಯ ಕೆಸರಿನಲ್ಲಿ ಇಬ್ಬರೂ ಮಾಗೂರಗಳಂತೆ ಬಿದ್ದುಕೊಂಡು ಬಾಯಿ ತೆರೆದು ಗಾಳಿ ಕುಡಿದೆವು.

ಉಸಿರು ಬಂದದ್ದೇ ಮಾವ ಬೈಯತೊಡಗಿದರು. ಅತ್ತೆ ಹೋದ ಮೇಲೆ ಅವರು ಅಷ್ಟುದ್ದ ಮಾತಾಡಿದ್ದು ಅಂದೇ.

"ನಿನ್ನ ಸಲುವಾಗಿ ನಾ ದಿನಾ ಇಲ್ಲಿಗಿ ಬರಾಕತ್ತೀನಿ. ಮನ್ಯಾಗ ಒಬ್ಬಾಕಿ ಕುಂತರ ಕೂಸಿನ ಫಿಕರ್ ಮಾಡ್ತಿ ಅಂತ ಕರಕೊಂಡು ಬರಾಕತ್ತೀನಿ. ನೀ ನನ್ನ ಕಣ್ಣ ಮುಂದನೇ ನೀರಿಗಿ ಬೀಳ್ತಿ?"

"ನಾ ಬೀಳಾಕ ಹೋಗಿಲ್ರಿ, ನಿಮ್ಮನ್ನ ಹಿಡಿಯಾಕ ಹೋದೆ. ನಿಮ್ಮನ್ನ ಕಾಯಾಕಂತ ನಾ ಬರಾಕತ್ತಿದ್ದು!"

"ನನ್ನನ್ನ? ಯಾರು ಹೇಳ್ಯಾರ ನಿನಗ?"

"ನಿಮ್ಮ ಮಗ."

ಮಾವ ಮುಖದ ಕೆಸರು ಒರೆಸಿಕೊಂಡರು. "ನನಗೂ ಅವನೇ ಹೇಳ್ಯಾನ" ಎಂದರು. "ಅಪ್ಪಾ, ಆಕಿ ಮನಸ್ಸು ಸರಿ ಇಲ್ಲ, ಏನರ ನೆವ ಮಾಡಿ ಹೊರಗ ಕರಕೊಂಡು ಹೋಗು, ಆಕಿಗಿ ಗೊತ್ತಾಗಬಾರದು ಅಂದ."

ಚಾದರಕ್ಕೆ ಗ್ರೀಸು ಒರೆಸಿದ್ದು ಯಾಕೆಂದು ಆಗ ತಿಳಿಯಿತು. ಮೊದಲು ನಗು ಬಂತು. ನಗುತ್ತ ನಗುತ್ತ ಅಳು ಬಂತು. ಕೂಸು ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು. ಮಾವ ಸೊರಗಿದ ಟ್ಯೂಬನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಪಕ್ಕದಲ್ಲೇ ಕುಳಿತು ಅತ್ತರು.

ಸಂಜೆ ಗಂಡ ಬಂದಾಗ ಇಬ್ಬರೂ ಸೇರಿ ಅವನನ್ನು ಹಿಡಿದೆವು. ಯಾರನ್ನು ಯಾರು ಕಾಯಬೇಕಿತ್ತು, ಹೇಳು ಎಂದೆವು. ಅವನು ರೊಟ್ಟಿ ಮುರಿಯುತ್ತ, "ಇಬ್ಬರಿಗೂ ಖರೇನೇ ಹೇಳೀನಿ" ಅಂದ. ಅವನು ಜಾಣನೋ, ದಿಕ್ಕುಗೆಟ್ಟು ಒಬ್ಬರ ಕೈಯನ್ನು ಇನ್ನೊಬ್ಬರಿಗೆ ಕೊಟ್ಟವನೋ, ಇಷ್ಟು ವರ್ಷ ಬಾಳಿದರೂ ನನಗೆ ಗೊತ್ತಾಗಿಲ್ಲ. ಮರುದಿನ ಮಾವ ಮೀನಿಗೆ ಬೂದಿ ತಿಕ್ಕುವುದನ್ನು ಕಲಿಸಿದರು. ಕಣ್ಣು ಮುಚ್ಚಿಕೊಂಡೇ ಮಾಡಿದ ಸಾರು ಕೆಟ್ಟಿತ್ತು, ಆದರೂ ಪಾತ್ರೆ ಖಾಲಿಯಾಯಿತು.

ಒಮ್ಮೆ, ಬಹಳ ದಿನಗಳ ಮೇಲೆ, ನಾನು ಕೇಳಿಯೇಬಿಟ್ಟೆ. "ಮಾವಾ, ಖರೇ ಹೇಳ್ರಿ, ಅವತ್ತು ಕಾಲು ಯಾಕ ಬಡೀಲಿಲ್ಲ?"

ಅವರು, "ತಿಳೀವಲ್ದವ್ವ. ಗಾಳಿ ಒಯ್ಯಾಕತ್ತಿತ್ತು, ಒಯ್ಯಲಿ ಅನಿಸ್ತು. ನೀ ನೀರಿಗಿ ಇಳಿದಿ, ಆಗ ಕಾಲು ತಾವೇ ಆಡಿದವು" ಎಂದರು. ನನ್ನನ್ನು ತಿರುಗಿ ಏನೂ ಕೇಳಲಿಲ್ಲ. ಕೇಳಿದ್ದರೆ ನಾನೂ ಏನು ಹೇಳುತ್ತಿದ್ದೆನೋ. ನೀರು ಎದೆಮಟ್ಟ ಬಂದರೂ ಹಿಂದೆ ಸರಿಯದೆ ನಿಂತವಳು ಮಾವನನ್ನು ಉಳಿಸಲು ಹೋದವಳೇ ಆಗಿದ್ದಳೇ? ಹೌದು ಎಂದೇ ಹೇಳಿಕೊಂಡು ಬಂದಿದ್ದೇನೆ.

"ಆಯ್ತ್ ನೋಡ್ರಿ ಅಕ್ಕಾರ, ಸಣ್ಣ ತಂತಿ ಚುಚ್ಚಿತ್ತು" ಎಂದು ಅಂಗಡಿಯವನು ಗಾಲಿ ಕೂಡಿಸಿದ. ಬಸವಕಲ್ಯಾಣದ ದಾರಿ ಹಿಡಿದೆ. ಉರುಹೊಡೆದ ಮಾತುಗಳು ಒಂದೂ ನೆನಪಿಗೆ ಬರಲೊಲ್ಲವು. ಬಂದರೂ ಏನು ಪ್ರಯೋಜನ, ಸಮಾಧಾನ ಮಾಡಲು ಬಂದವರ ಮಾತು ಅಂದು ಮಾವನವರಿಗೆ ಹಿಡಿಸಿತ್ತೇ, ನನಗೆ ಹಿಡಿಸಿತ್ತೇ? ಹಾಗಾದರೆ ನಾನೂ ಒಂದು ನೆವ ಹೂಡಬೇಕು, ಸುಳ್ಳು ಹೇಳಬೇಕು ಎಂದು ದಾರಿಯಲ್ಲೇ ಗಟ್ಟಿಮಾಡಿಕೊಂಡೆ.

ಶಾಂತಾ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ಕಂಡು, ಇನ್ನು ಇವಳೊಬ್ಬಳು ಬಂದಳು ಬುದ್ಧಿ ಹೇಳಲು ಎಂಬಂತೆ ಮುಖ ಆಚೆ ತಿರುಗಿಸಿದಳು. ನಾನು ಅವಳ ಪಕ್ಕ ಕುಳಿತೆ.

"ಶಾಂತಾ, ನಾ ನಿನ್ನ ನೋಡಾಕ ಬಂದಿಲ್ಲ" ಎಂದು ನನ್ನ ಸುಳ್ಳನ್ನು ಶುರುಮಾಡಿದೆ. "ನನಗೇ ಆರಾಮ ಇಲ್ಲ. ಹ್ವಾದ ಮಳಿಗಾಲದಾಗ ನಮ್ಮ ಮಾವ ತೀರಿಕೊಂಡ್ರಲ್ಲ, ಬಂದವರಿಗೆಲ್ಲ ಚಾ ಮಾಡಿ ಕೊಟ್ಟೆ, ಎಲ್ಲಾರಿಗೂ ಸಮಾಧಾನ ಹೇಳಿದೆ. ನಂಗ ಮಾತ್ರ..."

ಸುಳ್ಳು ಅಲ್ಲಿಗೆ ನಿಂತಿತು. ನಾನು ಹೇಳುತ್ತಿದ್ದುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಶಾಂತಾ ಮುಖ ತಿರುಗಿಸಿ ನನ್ನನ್ನೇ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ಬಾಗಿಲ ಹಿಂದೆ ತೂಗುಬಿದ್ದಿದ್ದ ಶಾಲು ತೆಗೆದು ಹೊದ್ದುಕೊಂಡಳು.

"ಏಳು" ಅಂದಳು. "ಹೊರಗ ಜರಾ ಗಾಳಿಗಿ ಹೋಗೂಣು. ನೀ ಹೀಂಗ ಕುಂದ್ರಬ್ಯಾಡ."