ಮೂರರಲ್ಲೊಂದು ಪಾಲು

ಹುಬ್ಬಳ್ಳಿಯ ರಾಜೇಶ್ವರಿ ಕೆನಡಾದ ಮಾರ್ಕಮ್‌ನಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಮನೆ ಖರೀದಿಯ ಕಾಗದಪತ್ರ ತಯಾರಿಸುತ್ತಿದ್ದಳು. ಈ ಕೆಲಸಕ್ಕಾಗಿ ಮಾಡಿದ ಕೋರ್ಸಿನಲ್ಲಿ ಕಲಿತ ಹಳೆಯ ಇಂಗ್ಲಿಷ್ ಕಾನೂನಿನ ಶಬ್ದಗಳನ್ನು ಬಳಗದ ಊಟಗಳಲ್ಲಿ ಉಪ್ಪಿನಕಾಯಿಯಂತೆ ಬಡಿಸುವುದು ಅವಳ ಚಟ. ‘ಡವರ್’ ಎಂದರೆ ವಿಧವೆಗೆ ಗಂಡನ ಭೂಮಿಯಲ್ಲಿ ಮೂರರಲ್ಲೊಂದು ಪಾಲು, ಅದೂ ಬದುಕಿರುವ ತನಕ. ‘ಕರ್ಟೆಸಿ’ ಎಂದರೆ ಹೆಂಡತಿ ಸತ್ತವನಿಗೆ ಬದುಕಿರುವ ತನಕ ಅವಳ ಅಷ್ಟೂ ಭೂಮಿ. ಒಂದು ಕೂಸು ಹುಟ್ಟಿದ್ದರೆ ಸಾಕು.

“ಹಡದಾಕಿ ಅಕಿ, ಹೊಲ ಇವಂಗ,” ಎಂದು ನಗಿಸಿ, “ಈಗ ಆ ಕಾಲ ಇಲ್ಲ, ಜಾಯಿಂಟ್ ಹೆಸರು ಹಾಕಸ್ರಿ,” ಎಂದು ಉಪದೇಶ ಮುಗಿಸುತ್ತಿದ್ದಳು.

2017ರ ಚಳಿಗಾಲದಲ್ಲಿ ಪಕ್ಕದೂರು ಸ್ಟೌಫ್‌ವಿಲ್‌ನಲ್ಲಿ ಮನೆ ಕೊಳ್ಳುತ್ತಿದ್ದ ಬಳಗದ ಶಾರದವ್ವ ಸಹಿಗೆ ಮೊದಲು ಕೇಳಿದರು, “ನಿನ್ನ ಮನಿ ಯಾರ ಹೆಸರಲೆ ಐತಿ?”

“ಇಬ್ಬರದೂ ಐತ್ರಿ ಅಕ್ಕಾರ.”

“ಕಣ್ಣಿಲೆ ನೋಡೀಯೇನ?”

ಊಟದ ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ ತನ್ನ ಮನೆಯ ನೋಂದಣಿ ದಾಖಲೆ ನೋಡಿದಳು. ಮಾಲೀಕ ಗಂಡ ರೇವಣಸಿದ್ದಪ್ಪ, ಒಬ್ಬನೇ. ಎಂಟು ವರ್ಷದ ಹಿಂದೆ, ಈ ಕೆಲಸಕ್ಕೆ ಸೇರುವ ಮುಂಚೆ, ಅವಳು ಹಾಕಿದ್ದು ಬ್ಯಾಂಕಿನ ಕಾಗದದಲ್ಲಿ ‘ಒಪ್ಪಿಗೆ ಇದೆ’ ಎನ್ನುವ ಹೆಂಡತಿಯ ಸಹಿ. ಮರುದಿನ ಗೃಹಪ್ರವೇಶ, ಅರವತ್ತು ಜನರ ಹೋಳಿಗೆಗೆ ಹೂರಣ ರುಬ್ಬುವುದು ಬಾಕಿಯಿತ್ತು. ಓದದೆ ಗೀಚಿ ಓಡಿದ್ದಳು. ಒಂದು ಹೋಳಿಗೆಯೂ ಹರಿಯಲಿಲ್ಲವೆಂದು ವರ್ಷಗಟ್ಟಲೆ ಹೇಳಿಕೊಂಡು ಬೀಗಿದ್ದಳು. ಊರಿಗೆಲ್ಲ ಹಕ್ಕು ಹಂಚುವ ಪಂಡಿತೆಯ ಸ್ವಂತ ಮನೆಯ ಪತ್ರದಲ್ಲಿ ಅವಳ ಹೆಸರಿಗೇ ಜಾಗವಿರಲಿಲ್ಲ.

ಸಂಜೆ ರೇವಣಸಿದ್ದಪ್ಪ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದ, “ಯಾರ ಹೆಸರಲೆ ಇದ್ದರೇನ? ಮನಿ ನಡಸಾಕಿ ನೀನ ಅಲಾ?”

“ನಡಸೂದಕ್ಕ ಯಾರೂ ಪತ್ರಾ ಬರಕೊಡೂದಿಲ್ರಿ. ನನ್ನ ಹೆಸರೂ ಸೇರಸಬೇಕು. ಶುಕ್ರವಾರ ಅರ್ಧ ದಿನ ರಜಾ ಹಾಕಿ ನಮ್ಮ ಆಫೀಸಿಗೆ ಬರ್ರಿ.”

“ಭಾನುವಾರ ಆದರ?”

“ಆಫೀಸಿಗೆ ಕೀಲಿ ಇರತೈತಿ.”

ಶುಕ್ರವಾರ ಬಂದ. ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಓದಿದ.

“ಈ ಫೀ ಸಿಂಪಲ್ ಅಂದ್ರೇನ?”

“ಯಾರ ಹಂಗೂ ಇಲ್ಲದ ಪೂರ್ತಿ ಒಡೆತನ.” ವಿವರಿಸುವ ಕೆಲಸವೂ ಅವಳದೇ.

ಮುಕ್ಕಾಲು ತಾಸು ಹಿಡಿಯಿತು. ಅಂದು ಬ್ಯಾಂಕಿನ ಕಾಗದಕ್ಕೆ ಅವಳು ಮುಕ್ಕಾಲು ನಿಮಿಷವನ್ನೂ ಕೊಟ್ಟಿರಲಿಲ್ಲ. ಕಡೆಗೆ ಅವನು ಸಹಿ ಹಾಕಿದ, ಮನೆ ಇಬ್ಬರದಾಯಿತು.

ಮನೆಗೆ ಬಂದು ಸೋಫಾದಲ್ಲಿ ಕಾಲು ಚಾಚಿದ ಗಂಡ, “ಚಾ ಮಾಡು,” ಎಂದ. ಅರ್ಧ ಎದ್ದಿದ್ದವಳು ಮತ್ತೆ ಕೂತಳು.

“ಇವತ್ತ ನೀವ ಮಾಡ್ರಿ.”

ಅವನು ಎದ್ದು ಅಡುಗೆಮನೆಗೆ ಹೋದ. ಒಂದೊಂದೇ ಕಪಾಟು ತೆರೆಯುವ, ಮುಚ್ಚುವ ಸದ್ದು. ಅವಳು ಎರಡು ನಿಮಿಷ ತಡೆದುಕೊಂಡಳು.

“ಎಡಕ್ಕ, ಮ್ಯಾಲಿನ ಡಬ್ಬಿ.”

ಹಾಲು ಉಕ್ಕುವ ಹೊತ್ತಿಗೆ ಮನೆಯ ಹೊಸ ಒಡತಿ ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದಳು.